ಮಕ್ಕಳಿಗೆ ಬಡತನದ ತಿಳುವಳಿಕೆ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಊರ ಸರಕಾರಿ ಶಾಲೆಯಲ್ಲಿ ಏರ್ಪಡಿಸಿದ್ದ ಪಾಲಕರ ಸಭೆಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಬೆಳ್ಳಿ ಹಬ್ಬಕ್ಕೆ ಒಬ್ಬೊಬ್ಬ ನಿರ್ದೇಶಕರು ಒಂದೊಂದು ವಿಷಯದ ಮೇಲೆ ಮಾತನಾಡಬೇಕೆಂದು ಮಂಡಳಿಯಲ್ಲಿ ಗೊತ್ತುಪಡಿಸಲಾಯಿತು. ಸಾಲ ವಸೂಲಿ, ಬೀಜ ಗೊಬ್ಬರ, ಬೆಳೆ ವಿಮೆ ಎಲ್ಲವನ್ನೂ ಬಲ್ಲವರು ಹಂಚಿಕೊಂಡರು. ನನ್ನ ಪಾಲಿಗೆ ಉಳಿದದ್ದು ಇದು: ಬಡತನ ಎಂದರೇನು, ಕಷ್ಟದಲ್ಲಿದ್ದವರಿಗೆ ನೆರವಾಗುವುದು ಹೇಗೆ ಎಂಬುದನ್ನು ಮಕ್ಕಳಿಗೆ ತಿಳಿಸುವುದು. ಬಹಳ ಸರಳ ವಿಷಯವೆಂದು ಒಪ್ಪಿಕೊಂಡೆ. ಕೂತು ವಿಚಾರ ಮಾಡಿದಾಗ ಗೊಬ್ಬರದ ವಿಷಯವೇ ಸಲೀಸಿತ್ತು ಅನ್ನಿಸಿತು.

ಪಟ್ಟಣದ ಕೆಲವು ಶಾಲೆಗಳಲ್ಲಿ ಈ ಪಾಠ ಮಾಡುವ ರೀತಿ ಬೇರೆ. ಮಕ್ಕಳನ್ನು ವ್ಯಾನಿನಲ್ಲಿ ಕೂಡ್ರಿಸಿ ಅನಾಥಾಶ್ರಮಕ್ಕೋ ವೃದ್ಧಾಶ್ರಮಕ್ಕೋ ಒಯ್ದು, ಅವರ ಕೈಯಿಂದ ಬಿಸ್ಕಿಟು ಬಾಳೆಹಣ್ಣು ಹಂಚಿಸಿ, ಸಂಜೆಗೆ ಮನೆಗೆ ತಂದು ಬಿಡುತ್ತಾರೆ. ತಪ್ಪೇನಿಲ್ಲ. ಆದರೆ ನಮ್ಮ ಊರಲ್ಲಿ ಬಡತನ ನೋಡಲು ವ್ಯಾನು ಬೇಕಾಗಿಲ್ಲ. ಅದು ನಮ್ಮ ಮಗ ಕೂಡುವ ಸಾಲಿನಲ್ಲೇ, ಅವನ ಮಗ್ಗುಲಲ್ಲೇ ಕೂತಿರುತ್ತದೆ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ನಮ್ಮದು ಯಾದಗಿರಿ ಜಿಲ್ಲೆಯಾಯಿತು. ಮುಂದೆ ಎರಡು ವರ್ಷದೊಳಗೆ ಬಂದ 2011ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 52 ಮಂದಿ ಮಾತ್ರ. ಇಡೀ ರಾಜ್ಯದಲ್ಲಿ ಕೊನೆಯ ಸ್ಥಾನ ನಮ್ಮದಾಗಿತ್ತು. ಇಂಥ ಜಿಲ್ಲೆಯ ಮಕ್ಕಳಿಗೆ ಬಡತನ ತೋರಿಸುವ ಅಗತ್ಯವಿಲ್ಲ. ತೋರುತ್ತಿರುವುದು ಯಾಕೆ ಹಾಗಿದೆ ಎಂದು ಹೇಳುವ ಅಗತ್ಯವಿದೆ.

ಮಕ್ಕಳು ಕೇಳದೆ ಬಿಡುವುದಿಲ್ಲ. "ಅಪ್ಪಾ, ಅವ್ರು ಯಾಕ ದೀಪಾವಳಿ ಆದಮ್ಯಾಲ ಸಾಲಿಗಿ ಬರಲ್ಲ?" ಎಂದು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಕೊಡುವ ಉತ್ತರ ಎರಡು. ಒಂದು, ಅವರ ಹಣೆಬರಹ. ಇನ್ನೊಂದು, ಅವರು ದುಡಿಯಲಾರದವರು, ಕುಡಿಯುವವರು. ಎರಡನ್ನೂ ಮಕ್ಕಳು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಕುಡಿತದಿಂದ ಹಾಳಾದ ಮನೆಗಳಿಲ್ಲವೆಂದು ನಾನು ಹೇಳುವುದಿಲ್ಲ, ಇವೆ. ಹೊಲ ಇದ್ದವರಲ್ಲೂ ಇವೆ. ಆದರೆ ದುಡಿಯಲಾರದವರು ಎಂಬ ಮಾತನ್ನು ಒಪ್ಪಲಾರೆ. ಬೆಂಗಳೂರಿನಲ್ಲಿ ಹತ್ತು ಅಂತಸ್ತಿನ ಮನೆ ಕಟ್ಟುವಾಗ ತಲೆಯ ಮೇಲೆ ಬುಟ್ಟಿ ಹೊತ್ತು ಮೇಲೇರುವವರು ಯಾರು? ಪುಣೆ, ಮುಂಬಯಿಯಲ್ಲಿ ರಸ್ತೆ ಅಗೆಯುವವರು ಯಾರು? ಶಹಾಪುರ, ಸುರಪುರ, ಯಾದಗಿರಿ ಕಡೆಯ ನಮ್ಮ ಜನರೇ. ದುಡಿಯಲಾರದವನು ಐದುನೂರು ಕಿಲೋಮೀಟರು ದೂರ ಹೋಗಿ ತಗಡಿನ ಶೆಡ್ಡಿನಲ್ಲಿ ಮಲಗಿ ದುಡಿಯುತ್ತಾನೇನು?

ಹಾಗಾದರೆ ಮಕ್ಕಳಿಗೆ ಏನು ಹೇಳಬೇಕು? ಲೆಕ್ಕ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಸಂಘದಲ್ಲಿ ಬೆಳೆ ಸಾಲ ಪಡೆಯುವ ಸದಸ್ಯರಿಗೆ ಸರಕಾರದ ಯೋಜನೆಯಲ್ಲಿ ಬಡ್ಡಿ ಇಲ್ಲ. ಗಡುವಿನೊಳಗೆ ಅಸಲು ಕಟ್ಟಿದರೆ ಮುಗಿಯಿತು. ಆದರೆ ಅದಕ್ಕೆ ಪಹಣಿ ಬೇಕು. ಹೊಲವೇ ಇಲ್ಲದವನು ಮಗಳ ಮದುವೆಗೋ ದವಾಖಾನೆಗೋ ಹತ್ತು ಸಾವಿರ ರೂಪಾಯಿ ಬೇಕಾದಾಗ ಎಲ್ಲಿ ಹೋಗುತ್ತಾನೆ? ಕೈಗಡ ಕೊಡುವವರ ಬಳಿ ಹೋಗುತ್ತಾನೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳುವುದಕ್ಕೆ ಬಹಳ ಸಣ್ಣದು. ಐದನೆಯ ಇಯತ್ತೆಯ ಹುಡುಗನಿಗೆ ಪಾಟಿ ಕೊಟ್ಟು ಲೆಕ್ಕ ಮಾಡಲು ಹೇಳಿರಿ. ಹತ್ತು ಸಾವಿರಕ್ಕೆ ತಿಂಗಳಿಗೆ 300, ವರ್ಷಕ್ಕೆ 3,600. ಐದು ರೂಪಾಯಿ ಬಡ್ಡಿಯಾದರೆ 6,000. ಅಸಲು ಹಾಗೇ ನಿಂತಿರುತ್ತದೆ. ಇಲ್ಲವಾದರೆ ಗುಳೆ ಒಯ್ಯುವ ಮೇಸ್ತ್ರಿಯ ಕಡೆ ಮುಂಗಡ ತರುತ್ತಾನೆ. ಮುಂಗಡ ತಂದ ದಿನವೇ ಗುಳೆ ಹೋಗುವುದು ನಿಶ್ಚಯವಾಯಿತು. ಮನೆಯಲ್ಲಿ ನೋಡಿಕೊಳ್ಳುವ ಮುದುಕಿ ಇದ್ದರೆ ಮಕ್ಕಳು ಉಳಿಯುತ್ತಾರೆ, ಇಲ್ಲದಿದ್ದರೆ ಗಂಟು ಮೂಟೆಯ ಜೊತೆ ಅವರೂ ಬಸ್ಸು ಹತ್ತುತ್ತಾರೆ. ಈ ಲೆಕ್ಕ ಒಮ್ಮೆ ತಿಳಿದ ಹುಡುಗ ತನ್ನ ವಾರಿಗೆಯವನನ್ನು "ಗುಳೇದಾಂವ" ಎಂದು ಕರೆದು ನಗಲಾರ.

ನೀರಿನ ಲೆಕ್ಕವೂ ಹೀಗೇ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ನಮ್ಮ ತಾಲೂಕುಗಳಿಗೆ ಬಂತು. ಕಾಲುವೆಯ ತಲೆಯ ಕಡೆ ಇದ್ದವರ ಮನೆಗಳು ಆರ್‌ಸಿಸಿ ಆದವು, ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದವರು ಕ್ಯಾಂಪು ಕಟ್ಟಿದರು. ಬಾಲದ ಕಡೆ ಇದ್ದವರು ಇಂದಿಗೂ ಗೇಟಿನ ಕಡೆ ನೋಡುತ್ತ ಕೂಡುತ್ತಾರೆ. ಒಂದೇ ಊರಿನ ಇಬ್ಬರು ಅಣ್ಣ ತಮ್ಮಂದಿರಲ್ಲಿ ಒಬ್ಬನ ಹೊಲ ಕಾಲುವೆಯ ಕೆಳಗೆ, ಇನ್ನೊಬ್ಬನದು ಮೇಲೆ ಮರಡಿಯಲ್ಲಿ. ಇಪ್ಪತ್ತು ವರ್ಷದಲ್ಲಿ ಅವರಿಬ್ಬರ ಮಕ್ಕಳ ಬಟ್ಟೆ ನೋಡಿದರೆ ಒಂದೇ ಮನೆತನದವರೆಂದು ಗುರುತು ಸಿಗಲಾರದು. ಇವರಲ್ಲಿ ಯಾರು ಜಾಣರು, ಯಾರು ದಡ್ಡರು?

ಈಗ ಹೇಳುವ ಮಾತಿಗೆ ಕೆಲವರು ಸಿಟ್ಟಾಗಬಹುದು. ಆದರೂ ಪಾಲಕರ ಸಭೆಯಲ್ಲಿ ಹೇಳದೆ ಮತ್ತೆಲ್ಲಿ ಹೇಳಲಿ? ಹತ್ತಿ ಬಿಡಿಸುವ ಕಾಲಕ್ಕೆ ಈ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿರಿ. ಬೆಳಿಗ್ಗೆ ಏಳು ಗಂಟೆಗೆ ಟಂಟಂ ಬಂದು ಅಗಸಿಯ ಮುಂದೆ ನಿಲ್ಲುತ್ತದೆ. ತಾಯಿಯ ಸಂಗಡ ಹತ್ತು ಹನ್ನೆರಡು ವರ್ಷದ ಹುಡುಗಿಯರೂ ಹತ್ತುತ್ತಾರೆ. ಯಾಕೆಂದರೆ ಹತ್ತಿ ಬಿಡಿಸುವ ಕೂಲಿ ದಿನದ ಲೆಕ್ಕವಲ್ಲ, ಕಿಲೋ ಲೆಕ್ಕ. ಎರಡು ಕೈ ಬಿಡಿಸುವುದಕ್ಕಿಂತ ನಾಲ್ಕು ಕೈ ಬಿಡಿಸಿದರೆ ತೂಕ ಹೆಚ್ಚು. ತಾಯಿಯನ್ನು ಬೈದು ಏನು ಪ್ರಯೋಜನ? ಕಿಲೋ ಲೆಕ್ಕದ ಕೂಲಿಯೇ ಮಗುವನ್ನು ಹೊಲಕ್ಕೆ ಕರೆಯುತ್ತದೆ. ಸಣ್ಣ ಬೆರಳಿಗೆ ಹತ್ತಿ ಬೇಗ ಬರುತ್ತದೆ ಎಂದು ಹೇಳುವ ಮಾಲಕರೂ ಇದ್ದಾರೆ. ಆ ಬೆರಳುಗಳಿಗೆ ಹತ್ತಿಯ ತೊಳೆಯ ಚೂಪು ತುದಿ ಚುಚ್ಚಿ ರಕ್ತ ಬರುವುದನ್ನು ನಾನು ಕಂಡಿದ್ದೇನೆ.

ಕಾಯ್ದೆ ಏನು ಹೇಳುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರಲಿ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು ಎಂಬ 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಬಾಲಕಾರ್ಮಿಕರ ಬಗ್ಗೆ 1986ರಲ್ಲೇ ಕಾಯ್ದೆ ಇತ್ತು. 2016ರ ತಿದ್ದುಪಡಿಯ ನಂತರ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೂಲಿಗೂ ಹಚ್ಚುವಂತಿಲ್ಲ. ಶಾಲೆ ಬಿಟ್ಟ ಮೇಲೆ, ಸೂಟಿಯಲ್ಲಿ, ತಮ್ಮ ಸ್ವಂತ ಮನೆಯ ಕೆಲಸದಲ್ಲಿ ಕೈಗೂಡಿಸಬಹುದು, ಅಷ್ಟೇ. ನಮ್ಮ ಮಕ್ಕಳು ನಮ್ಮ ಹೊಲದಲ್ಲಿ ಸೂಟಿಯ ದಿನ ಹತ್ತಿ ಬಿಡಿಸಲಿ, ಒಳ್ಳೆಯದೇ. ಸೊಂಟ ಹ್ಯಾಗೆ ಹಿಡಿಯುತ್ತದೆ ಎಂಬುದು ಅವರಿಗೂ ತಿಳಿಯಲಿ. ಆದರೆ ಮಗನಿಗೆ ಬಡವರ ಮೇಲೆ ಕರುಣೆ ಇರಲಿ ಎಂದು ಹೇಳುತ್ತ, ಅವನ ಮಗ್ಗುಲಲ್ಲಿ ಕೂಡಬೇಕಾದ ಹುಡುಗಿಯನ್ನು ಅದೇ ಮನೆಯವರು ಹೊಲಕ್ಕೆ ಕರೆಸಿದರೆ, ಮಗ ಯಾವುದನ್ನು ಕಲಿಯುತ್ತಾನೆ? ಹೇಳಿದ್ದನ್ನೋ ಕಂಡದ್ದನ್ನೋ?

ಊಟದ ವಿಷಯಕ್ಕೆ ಬರೋಣ. ಶಾಲೆಯಲ್ಲಿ ಬಿಸಿಯೂಟ ಕೊಡುವ ಅಕ್ಷರ ದಾಸೋಹ ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಸುರುವಾದದ್ದು ನಮ್ಮಂಥ ಹಿಂದುಳಿದ ಉತ್ತರದ ಜಿಲ್ಲೆಗಳಲ್ಲಿಯೇ. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗಲೂ ಮೊದಲ ಏಳು ಜಿಲ್ಲೆಗಳಲ್ಲಿ ಯಾದಗಿರಿ ಇತ್ತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಹೆಸರಿಟ್ಟವರು ಯಾರೋ, ಬಹಳ ಚಂದ ಹೆಸರಿಟ್ಟಿದ್ದಾರೆ. ದಾಸೋಹವೆಂದರೆ ಭಿಕ್ಷೆಯಲ್ಲ. ನೀಡುವವನು ತಾನೇ ದಾಸ ಎಂದು ತಿಳಿದು ನೀಡುವುದು. ಕಲಬುರ್ಗಿಯ ಶರಣಬಸವೇಶ್ವರರು ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ ಹುಟ್ಟಿದವರು, ಒಕ್ಕಲುತನ ಮಾಡಿದವರು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ನೀರಿಟ್ಟರು ಎಂದು ಅವರ ಬಗ್ಗೆ ಹೇಳುವುದನ್ನು ನಮ್ಮ ಮುತ್ಯಾಗಳಿಂದ ಕೇಳಿಲ್ಲದವರು ಈ ಸಭೆಯಲ್ಲಿ ಯಾರಿದ್ದಾರೆ? ಆ ಮಣ್ಣಿನಲ್ಲಿ ಹುಟ್ಟಿ ಕೆಲವು ತಾಯಂದಿರು ಮಕ್ಕಳಿಗೆ "ಸಾಲ್ಯಾಗಿನ ಊಟ ಮಾಡಬ್ಯಾಡ, ಅದು ಇಲ್ಲದವ್ರ ಊಟ" ಎಂದು ಹೇಳಿ ಡಬ್ಬಿ ಕಟ್ಟಿ ಕಳಿಸುತ್ತಾರೆ. ತಾಯಿಯ ಕೈಯ ರೊಟ್ಟಿ ಒಳ್ಳೆಯದು, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಮಾತು ಕಟ್ಟಿ ಕಳಿಸಬೇಡಿರಿ. ಜಾತ್ರೆಯ ಪಂಕ್ತಿಯಲ್ಲಿ ಎಲ್ಲರೊಡನೆ ಕೂತು ಉಣ್ಣುವ ನಾವು ಶಾಲೆಯ ಪಂಕ್ತಿಯಲ್ಲಿ ಮಗನನ್ನು ಯಾಕೆ ಎಬ್ಬಿಸಬೇಕು? ಅಡುಗೆ ಮಾಡಿದವಳ ಕುಲ ಕೇಳುವ ರೋಗವೂ ಅಲ್ಲಲ್ಲಿ ಇದೆ. ಅದನ್ನು ಮಕ್ಕಳು ಹುಟ್ಟಿಸಿಕೊಂಡದ್ದಲ್ಲ.

ಕೊಡುವ ರೀತಿಯೂ ಇತ್ತೀಚೆಗೆ ಬದಲಾಗಿದೆ. ಮಗನ ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ನೋಟ್‌ಬುಕ್ಕು ಹಂಚುತ್ತಾರೆ, ಸಂತೋಷ. ಹಂಚುವಾಗ ಇಬ್ಬರ ಕೈಯೂ ನೋಟ್‌ಬುಕ್ಕಿನ ಮೇಲಿರುವಂತೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಸಂಜೆಯೊಳಗೆ ಅದು ಊರ ಎಲ್ಲರ ಮೊಬೈಲಿನಲ್ಲಿ ಬಂದಿರುತ್ತದೆ. ತೆಗೆದುಕೊಂಡ ಹುಡುಗನ ಮನೆಯಲ್ಲೂ ಮೊಬೈಲು ಇದೆ ಎನ್ನುವುದನ್ನು ಮರೆಯಬಾರದು. ಅವನ ಅಪ್ಪ ಬೆಂಗಳೂರಿನ ಶೆಡ್ಡಿನಲ್ಲಿ ಕೂತು ಆ ಫೋಟೋ ನೋಡುತ್ತಾನೆ. ಮೊದಲು ನಮ್ಮ ಮನೆಗಳಲ್ಲಿ ಜೋಳಿಗೆ ಹಿಡಿದು ಬಂದವರಿಗೆ ಜೋಳ ನೀಡಲು ಆಯಿ ಮಕ್ಕಳನ್ನೇ ಕಳಿಸುತ್ತಿದ್ದಳು. ಎರಡೂ ಕೈಯಿಂದ ಬೊಗಸೆ ತುಂಬಿ ಹಾಕಬೇಕು, ಎಸೆಯಬಾರದು. ಏನೂ ಇಲ್ಲದ ದಿನ "ಮುಂದಿನ ಮನಿಗಿ ಹೋಗ್ರಿ" ಎಂದು ಬಹುವಚನದಲ್ಲಿ ಹೇಳಬೇಕು, ಬಾಗಿಲು ಬಡಿಯಬಾರದು. ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಹಕ್ಕಲದ ಮಾತು ಇಲ್ಲಿ ಹೇಳಲೇಬೇಕು. ಈಗಿನ ಹುಡುಗರಿಗೆ ಈ ಶಬ್ದವೇ ಗೊತ್ತಿಲ್ಲದಿರಬಹುದು. ಜೋಳ ಕೊಯ್ದು ಗೂಡು ಹಾಕಿದ ಮೇಲೆ, ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಉಳಿದ ತೆನೆ, ಉಳಿದ ಕಾಯಿ ಹಕ್ಕಲು. ಅದನ್ನು ಆರಿಸಲು ಹೊಲ ಇಲ್ಲದವರು ಬರುತ್ತಿದ್ದರು. ಯಾರೂ ಅಪ್ಪಣೆ ಕೇಳುತ್ತಿರಲಿಲ್ಲ, ಯಾರೂ ಉಪಕಾರ ಮಾಡಿದೆ ಎಂದು ಹೇಳಿಕೊಳ್ಳುತ್ತಿರಲಿಲ್ಲ. ಕೊಯ್ಯುವಾಗ ಬಹಳ ಬಿರುಸಾಗಿ ಆರಿಸಿದರೆ ಹಿರಿಯರೇ ಬೈಯುತ್ತಿದ್ದರು, ಹಕ್ಕಲಕ್ಕೂ ಒಂದಿಷ್ಟು ಬಿಡಬಾರದೇನು ಎಂದು. ಈಗ ಭತ್ತಕ್ಕೆ ಕೊಯ್ಯುವ ಮಷೀನು ಬಂದಿದೆ, ಹಿಂದೆಯೇ ಟ್ರ್ಯಾಕ್ಟರು ರಂಟೆ ಹೊಡೆಯುತ್ತದೆ. ಮಷೀನು ಬೇಡವೆನ್ನಲು ನಾನು ಹುಚ್ಚನಲ್ಲ. ಆಳು ಸಿಗುವುದಿಲ್ಲ, ಮಳೆ ಕಾಯುವುದಿಲ್ಲ. ಆದರೆ ಹಕ್ಕಲು ಹೋದದ್ದರ ಜೊತೆಗೆ, ಬೆಳೆಯಲ್ಲಿ ಇಲ್ಲದವರ ಪಾಲು ಇದೆ ಎಂದು ಮಕ್ಕಳು ಕಣ್ಣಾರೆ ನೋಡುವುದೂ ಹೋಯಿತು.

ಹಕ್ಕಲು ಆರಿಸಿ ಬದುಕಿದವರಲ್ಲಿ ದೊಡ್ಡವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಅವರ ಊರು ಕೃಷ್ಣೆಯ ಆಚೆ, ಲಿಂಗಸುಗೂರು ಸೀಮೆಯ ಅಮರೇಶ್ವರ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಆಯ್ದ ಜಾಗದಲ್ಲೇ ಸುರಿದು ಬರಲು ಹೇಳಿದಳು. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ದುರಾಸೆ ಬೇಡ ಎಂದು ಹೇಳಿ ಮುಗಿಸುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಅಂದಿನ ಕಲ್ಯಾಣದಲ್ಲಿ ಅವರಿಗಿಂತ ಬಡವರು ಯಾರಿದ್ದರೋ, ಆದರೆ ಅವರ ಮುಂದೆ ಯಾರೂ ಅಯ್ಯೋ ಪಾಪ ಎನ್ನುವಂತಿರಲಿಲ್ಲ. ಬಡವ ಎಂದ ಕೂಡಲೆ ತಲೆ ತಗ್ಗಿಸಿ ಕೈಚಾಚಿದವನ ಚಿತ್ರ ಮಕ್ಕಳ ಕಣ್ಣಿಗೆ ಬರಬಾರದು. ಲಕ್ಕಮ್ಮನೂ ಬರಬೇಕು.

ನಮ್ಮ ಕಡೆ ಎಳ್ಳಮಾಸಿ ಇನ್ನೂ ಉಳಿದಿದೆ, ಪುಣ್ಯ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಮಾಡಿಕೊಂಡು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತೇವೆ. ಆ ದಿನ ಮಗನಿಗೆ, ನಿನ್ನ ಇಯತ್ತೆಯಲ್ಲಿ ಹೊಲ ಇಲ್ಲದ ಗೆಳೆಯರು ಯಾರಿದ್ದಾರೆ, ಕರೆದುಕೊಂಡು ಬಾ ಎಂದು ಹೇಳಿರಿ. ಆಳಾಗಿ ಹೊಲಕ್ಕೆ ಬಂದ ಮನೆಯ ಮಗ ಬೀಗರಂತೆ ಹೊಲಕ್ಕೆ ಬರಲಿ. ಇದಕ್ಕೆ ಒಂದು ರೂಪಾಯಿ ಹೆಚ್ಚಿನ ಖರ್ಚಿಲ್ಲ.

ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ ಎಂಬುದನ್ನೂ ಮಕ್ಕಳು ತಿಳಿಯಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹೆಂಗಸರು ಮನೆ ಮನೆಯಲ್ಲಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಗಾಡಿ ತುಂಬಿ ಕಳಿಸಿದರು. 2020ರ ಅಕ್ಟೋಬರಿನಲ್ಲಿ ಭೀಮೆಯೂ ಹಾಗೇ ಉಕ್ಕಿ ನಮ್ಮ ಜಿಲ್ಲೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಕಟಕಲು ರೊಟ್ಟಿ ಎಂಟು ದಿನ ಕೆಡುವುದಿಲ್ಲ. ಬಿಸಿ ಅನ್ನ ಒಯ್ದರೆ ಮುಟ್ಟುವುದರೊಳಗೆ ಹಳಸುತ್ತದೆ. ಸಹಾಯ ಮಾಡುವವನಿಗೆ ಇಷ್ಟು ಯೋಚನೆ ಬೇಕು. ಹರಿದ ಅಂಗಿ, ಗುಂಡಿ ಇಲ್ಲದ ಚಡ್ಡಿ ಗಂಟು ಕಟ್ಟಿ ಕಳಿಸುವುದು ಮನೆ ಸ್ವಚ್ಛ ಮಾಡಿಕೊಂಡಂತೆ, ಸಹಾಯವಲ್ಲ.

ಆದರೆ ಅದೇ 2020ರಲ್ಲಿ ಇನ್ನೊಂದನ್ನೂ ಕಂಡೆವು. ಮಾರ್ಚ್ 25ರಿಂದ ದೇಶವೆಲ್ಲ ಬಂದಾಯಿತು. ಮೇ ತಿಂಗಳಲ್ಲಿ ಮುಂಬಯಿ, ಪುಣೆ ಕಡೆಯಿಂದ ನಮ್ಮವರು ಸಾವಿರಾರು ಮಂದಿ ತಿರುಗಿ ಬಂದರು. ಜಿಲ್ಲೆಯ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಮಕ್ಕಳು ಕೂಡುವ ಕೋಣೆಯಲ್ಲಿ ಅವರ ಗೆಳೆಯರ ಅಪ್ಪ ಅವ್ವ ಮಲಗಿದ್ದರು. ರೋಗದ ಎಚ್ಚರಿಕೆ ಬೇಕಾಗಿತ್ತು, ದೂರ ಇರಬೇಕಾಗಿತ್ತು, ಅದು ಸರಿ. ಆದರೆ ಊರೂರಿಗೆ "ಬಾಂಬೆದವ್ರು ಬಂದ್ರು" ಎಂಬ ಮಾತು ಹುಟ್ಟಿತಲ್ಲ, ಅದು ಸರಿಯಲ್ಲ. ಅವರು ಬಾಂಬೆಯವರಲ್ಲ, ನಮ್ಮ ಓಣಿಯವರು. ಗುಳೆ ಹೋಗುವಾಗ ಊರ ಜಾತ್ರೆಗೆ ಪಟ್ಟಿ ಕಳಿಸುವವರು. ದೂರದಲ್ಲಿ ನಿಂತೇ ಕಾಂಪೌಂಡಿನ ಗೋಡೆಯ ಮೇಲೆ ರೊಟ್ಟಿ ಗಂಟು ಇಟ್ಟು, ಕೂಗಿ ಕರೆದು ಹೇಳಿ ಬರುತ್ತಿದ್ದ ಮುದುಕಿಯರೂ ಇದ್ದರು. ಮಕ್ಕಳು ಆ ಎರಡನ್ನೂ ನೋಡಿದ್ದಾರೆ. ಆಗ ಎರಡನೇ ಮೂರನೇ ಇಯತ್ತೆಯಲ್ಲಿದ್ದವರು ಇಂದು ದೊಡ್ಡ ಶಾಲೆಯಲ್ಲಿದ್ದಾರೆ. ಯಾವುದು ಅವರ ಮನಸ್ಸಿನಲ್ಲಿ ಉಳಿದಿದೆಯೋ ಕೇಳಿ ನೋಡಬೇಕು.

ಇಷ್ಟಕ್ಕೂ ಸಹಕಾರ ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂದು ಹಿಂದೆ ಕೂತ ಸದಸ್ಯರು ಕೇಳುವಂತೆ ಕಾಣುತ್ತದೆ. ಸಂಬಂಧ ಇದೆ. ಸಹಕಾರ ಹುಟ್ಟಿದ್ದೇ ಬಡವರು ಒಬ್ಬರ ಮುಂದೆ ಕೈಚಾಚಬಾರದು ಎಂಬುದಕ್ಕೆ. ಇಂಗ್ಲೆಂಡಿನ ರಾಕ್‌ಡೇಲ್ ಊರಿನಲ್ಲಿ 1844ರಲ್ಲಿ ಅಂಗಡಿ ತೆರೆದವರು 28 ಮಂದಿ, ಬಹಳ ಮಂದಿ ನೇಕಾರರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಇಂಥ ಕೆಲವೇ ಅವರ ಅಂಗಡಿಯ ಸಾಮಾನು. ನಮ್ಮ ನಾಡಿನಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘವೂ ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸುವುದಕ್ಕೇ. ಮಕ್ಕಳಿಗೆ ದಾನಶೂರರ ಕಥೆ ಹೇಳಿದಷ್ಟೇ ಈ ಕಥೆಗಳನ್ನೂ ಹೇಳಬೇಕು. ದಾನಶೂರನ ಕಥೆಯಲ್ಲಿ ಬಡವನಿಗೆ ಹೆಸರಿರುವುದಿಲ್ಲ. ಈ ಕಥೆಯಲ್ಲಿ ಬಡವರೇ ಪಾಲುದಾರರು.

ಆದರೆ ಇಪ್ಪತ್ತೈದು ವರ್ಷದ ನಮ್ಮ ಸಂಘದಲ್ಲಿ ಹೊಲ ಇದ್ದವರಿಗೇ ಹೆಚ್ಚು ಪ್ರಯೋಜನವಾಗಿದೆ ಎನ್ನುವುದನ್ನು ಬೆಳ್ಳಿ ಹಬ್ಬದ ದಿನವೂ ಹೇಳಬೇಕಾಗುತ್ತದೆ. ಹೊಲ ಇಲ್ಲದ ಮನೆಗಳ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳಿಗೆ ಇನ್ನಷ್ಟು ಸಾಲ ಕೊಟ್ಟರೆ ಮೇಸ್ತ್ರಿಯ ಮುಂಗಡಕ್ಕೆ ಹೋಗುವವರು ಕಡಿಮೆಯಾಗುತ್ತಾರೆ. ಆ ಹೆಂಗಸರು ವಾರ ವಾರ ಉಳಿತಾಯ ಕಟ್ಟುವ ಶಿಸ್ತು ನೋಡಿದರೆ ನಮ್ಮ ಕೆಲವು ಸದಸ್ಯರು ನಾಚಬೇಕು. ಲಾಭದಲ್ಲಿ ಒಂದು ಪಾಲನ್ನು ಧರ್ಮಕಾರ್ಯಕ್ಕೆ ತೆಗೆದಿಡಲು ಸಹಕಾರ ಕಾಯ್ದೆಯಲ್ಲಿಯೇ ಅವಕಾಶವಿದೆ. ಆ ನಿಧಿಯಿಂದ ಕಮಾನು ಕಟ್ಟೋಣ, ಹೆಸರು ಕೆತ್ತಿಸೋಣ ಎಂಬ ಸಲಹೆಗಳೂ ಬಂದಿವೆ. ನಾನು ಮಂಡಳಿಯ ಮುಂದೆ ಬೇರೆ ಮಾತು ಇಟ್ಟಿದ್ದೇನೆ. ಗುಳೆ ಹೋಗುವ ಮನೆಗಳಲ್ಲಿ ಅಜ್ಜಿ ಊರಲ್ಲೇ ಉಳಿಯುವಂತಿದ್ದರೆ, ಮಕ್ಕಳನ್ನೂ ಉಳಿಸಿಕೊಳ್ಳಲು ಆ ಮನೆಗೆ ಆರು ತಿಂಗಳ ಜೋಳ, ಬೇಳೆ, ಎಣ್ಣೆ ಸಂಘದಿಂದ ಮುಟ್ಟಬೇಕು. ಸಭೆ ಕರೆದು ಕೊಡುವುದಲ್ಲ, ಹಾರ ಹಾಕುವುದಲ್ಲ, ಫೋಟೋ ಇಲ್ಲ. ರಶೀದಿ ಪುಸ್ತಕದಲ್ಲಿ ಲೆಕ್ಕ ಇರಲಿ, ಹೆಸರು ಕಾರ್ಯದರ್ಶಿ ಮತ್ತು ಮುಖ್ಯ ಗುರುಗಳಿಗೆ ಮಾತ್ರ ಗೊತ್ತಿರಲಿ. ಹತ್ತಿ ಬಿಡಿಸಲು ಶಾಲೆಯ ಮಕ್ಕಳನ್ನು ಕರೆಯುವುದಿಲ್ಲ ಎಂದು ಸದಸ್ಯರು ವಾರ್ಷಿಕ ಸಭೆಯಲ್ಲಿ ಠರಾವು ಮಾಡಬೇಕು ಎಂಬುದು ಎರಡನೆಯ ಮಾತು. ಇದಕ್ಕೆ ಸಂಘದ ಒಂದು ಪೈಸೆಯೂ ಖರ್ಚಿಲ್ಲ, ಆದರೂ ಇದೇ ಕಠಿಣ ಎಂದು ನನಗೆ ಗೊತ್ತಿದೆ.

ದಸರಾ ಸೂಟಿ ಮುಗಿದ ಮೊದಲ ವಾರದಿಂದಲೇ ಶಾಲೆಗೆ ಬಾರದ ಮಕ್ಕಳ ಮನೆಗಳನ್ನು ಗುರುತು ಹಾಕಿ ಕೊಡಲು ಮುಖ್ಯ ಗುರುಗಳು ಒಪ್ಪಿದ್ದಾರೆ. ಆ ಮನೆಗಳಿಗೆ ಹೋಗಿ ಅಜ್ಜಿಯರ ಜೊತೆ ಮಾತನಾಡಲು ನನ್ನ ಸಂಗಡ ಇಬ್ಬರು ತಾಯಂದಿರು ಬೇಕು, ಗಂಡಸರು ಹೋದರೆ ಅವರು ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ಬರುವವರು ಚಹಾ ಆದ ಮೇಲೆ ಇಲ್ಲಿಯೇ ಬಂದು ಹೆಸರು ಹೇಳಿರಿ.